ದೀಕ್ಷಾಸ್ನಾನ ಮತ್ತು ರಕ್ಷಣೆ: ಮುಂಬಯಿಯ ಕ್ರೈಸ್ತ ಪರಂಪರೆಗಳಲ್ಲಿ

ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರು ಸುರಿದೋ ನೀರಿನಲ್ಲಿ ಮುಳುಗಿಸಿಯೋ ಒಬ್ಬ ವ್ಯಕ್ತಿಯನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ ದೀಕ್ಷಾಸ್ನಾನ. ಕೆಥೋಲಿಕರಲ್ಲಿ ಇದಕ್ಕೆ ಜ್ಞಾನಸ್ನಾನ ಎಂಬ ಹೆಸರೂ ಬಳಕೆಯಲ್ಲಿದೆ. ಈ ಸಂಸ್ಕಾರ ಇಲ್ಲದೆ ಮನುಷ್ಯನಿಗೆ ರಕ್ಷಣೆ ಸಿಗುತ್ತದೆಯೇ ಎಂಬ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಭಾರತದಲ್ಲಿ ಈ ಪ್ರಶ್ನೆ ಮುಂಬಯಿಯಲ್ಲಿ ಎದ್ದಷ್ಟು ಬಗೆಗಳಲ್ಲಿ ಬೇರೆ ಕಡೆ ಎದ್ದದ್ದು ಕಡಿಮೆ. ಸಾಷ್ಟಿ ದ್ವೀಪದ ಪೋರ್ಚುಗೀಸ್ ಕಾಲದ ಕೆಥೋಲಿಕರು, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಷನರಿಗಳು, ಅಮೆರಿಕನ್ ಮರಾಠಿ ಮಿಷನ್, ಆಂಗ್ಲಿಕನರು, ನೀರಿನ ಸಂಸ್ಕಾರವನ್ನೇ ಬಿಟ್ಟುಕೊಟ್ಟ ಸಾಲ್ವೇಶನ್ ಆರ್ಮಿ, ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು, ಮಂಗಳೂರು–ಉಡುಪಿಯ ಕೊಂಕಣಿ ಕೆಥೋಲಿಕರು ಮತ್ತು ಬಾಸೆಲ್ ಮಿಷನ್ ಹಿನ್ನೆಲೆಯ ಕನ್ನಡ ಪ್ರೊಟೆಸ್ಟೆಂಟರು, ಬೀದರ್–ಕಲಬುರಗಿ ಕಡೆಯ ಮೆಥೊಡಿಸ್ಟರು ಎಲ್ಲರೂ ಈ ಒಂದೇ ನಗರದಲ್ಲಿ ನೆಲೆಸಿದ್ದಾರೆ. ಇವರ ಉತ್ತರಗಳು ಒಂದೇ ಅಲ್ಲ. ದೇವಶಾಸ್ತ್ರದ ಪುಸ್ತಕ ಕೊಡುವ ಉತ್ತರ ಬೇರೆ, ಮನೆ, ಜಾತಿ, ನ್ಯಾಯಾಲಯಗಳು ಆ ನೀರಿಗೆ ಕೊಟ್ಟ ಅರ್ಥ ಬೇರೆ ಎಂಬುದು ಮುಂಬಯಿಯ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ವಾದದ ಬೇರುಗಳು

ಹೊಸ ಒಡಂಬಡಿಕೆಯಲ್ಲಿಯೇ ಎರಡೂ ಕಡೆಗೆ ಆಧಾರಗಳಿವೆ. ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರನೆಂದು ಯೇಸು ನಿಕೊದೇಮನಿಗೆ ಹೇಳಿದ ಮಾತು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ದೀಕ್ಷಾಸ್ನಾನ ಅನಿವಾರ್ಯ ಎನ್ನುವವರ ಮೊದಲ ಆಧಾರ ಇದೇ. ಇನ್ನೊಂದು ಕಡೆ, ಶಿಲುಬೆಯ ಮೇಲೆ ಪಶ್ಚಾತ್ತಾಪಪಟ್ಟ ಕಳ್ಳನಿಗೆ ಯಾರೂ ನೀರು ಹಾಕಲಿಲ್ಲ, ಆದರೂ ಅವನಿಗೆ ಅದೇ ದಿನ ಪರದೈಸಿನ ವಾಗ್ದಾನ ಸಿಕ್ಕಿತು. ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಮೊದಲು ಇಳಿಯುತ್ತದೆ, ನೀರು ಆಮೇಲೆ ಬರುತ್ತದೆ. ಈ ಪ್ರಸಂಗ ಎರಡೂ ಪಕ್ಷಗಳನ್ನು ಕಾಡುವಂಥದ್ದು. ಆತ್ಮ ನೀರಿಗಾಗಿ ಕಾಯಲಿಲ್ಲ ನಿಜ, ಆದರೆ ಆತ್ಮ ಬಂದಾಯಿತೆಂದು ಪೇತ್ರನು ನೀರನ್ನು ಬಿಡಲೂ ಇಲ್ಲ.

ಆದಿ ಸಭೆ ಹಿಂಸೆಯ ಕಾಲದಲ್ಲಿ ಬೆಳೆದದ್ದು. ದೀಕ್ಷೆಗೆ ಸಿದ್ಧರಾಗುತ್ತಿದ್ದವರು ನೀರು ಮುಟ್ಟುವ ಮೊದಲೇ ಕೊಲೆಯಾದರೆ ಅವರ ಗತಿ ಏನೆಂದು ಕೇಳಬೇಕಾಗಿ ಬಂತು. ಅವರ ರಕ್ತವೇ ಅವರ ದೀಕ್ಷೆಯಾಯಿತು ಎಂದು ಸಭೆ ಉತ್ತರಿಸಿತು. 392ರಲ್ಲಿ ದೀಕ್ಷೆ ಪಡೆಯುವ ಮೊದಲೇ ಸತ್ತ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್ನನ ಬಗ್ಗೆ ಮಿಲಾನಿನ ಬಿಷಪ್ ಆಂಬ್ರೋಸ್ ಮಾಡಿದ ಶೋಕಭಾಷಣದಲ್ಲಿ, ಅವನು ಬಯಸಿದ ಕೃಪೆ ಅವನಿಗೆ ದೊರೆತಿರಲೇಬೇಕು ಎಂಬ ಭರವಸೆ ಇದೆ. ಹೀಗೆ ನೀರಿನ ದೀಕ್ಷೆಯ ಜೊತೆಗೆ ರಕ್ತದ ದೀಕ್ಷೆ, ಬಯಕೆಯ ದೀಕ್ಷೆ ಎಂಬ ಎರಡು ಕಲ್ಪನೆಗಳು ನಿಂತವು. ಹಸುಗೂಸುಗಳ ವಿಷಯದಲ್ಲಿ ಮಾತ್ರ ಆಗಸ್ಟಿನ್ ಕಠೋರನಾದ. ಜನ್ಮಪಾಪ ತೊಳೆಯದೆ ಸತ್ತ ಮಗುವಿಗೆ ಸ್ವರ್ಗವಿಲ್ಲ ಎಂದ. ಮಗುವಿಗೆ ಬಯಸುವ ಶಕ್ತಿಯೇ ಇಲ್ಲದ್ದರಿಂದ ಬಯಕೆಯ ದೀಕ್ಷೆಯ ಬಾಗಿಲೂ ಅದಕ್ಕೆ ಮುಚ್ಚಿತ್ತು. ಮಧ್ಯಯುಗದ ಪಂಡಿತರು ಈ ಕಠೋರತೆಯನ್ನು ತಗ್ಗಿಸಲು, ನೋವೂ ಇಲ್ಲದ ದೇವದರ್ಶನವೂ ಇಲ್ಲದ ಲಿಂಬೊ ಎಂಬ ಸ್ಥಿತಿಯನ್ನು ಊಹಿಸಿದರು. ಅದು ಎಂದೂ ಅಧಿಕೃತ ವಿಶ್ವಾಸಸೂತ್ರವಾಗಲಿಲ್ಲ. ಆದರೂ ನೂರಾರು ವರ್ಷ ತಾಯಂದಿರು ಅದರ ಭಾರ ಹೊತ್ತರು. ಈ ವಾದದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಅಧ್ಯಾಯ ಇನ್ನೊಂದಿಲ್ಲ.

ಸಾಷ್ಟಿ ಮತ್ತು ವಸೈ

1534ರಲ್ಲಿ ವಸೈ ಪೋರ್ಚುಗೀಸರ ಕೈಸೇರಿತು. ಅದರೊಂದಿಗೆ ಇಂದಿನ ಮುಂಬಯಿ ಉಪನಗರಗಳಿರುವ ಸಾಷ್ಟಿಯೂ ಅವರದಾಯಿತು. ಫ್ರಾನ್ಸಿಸ್ಕನ್ ಅಂತೋನಿಯೊ ದೊ ಪೋರ್ತೊ ಮೊದಲಾದವರು, ಅವರ ಹಿಂದೆ ಜೆಸ್ವಿತರು ಇಲ್ಲಿ ಊರೂರುಗಳಿಗೇ ದೀಕ್ಷೆ ಕೊಟ್ಟರು. 1540ರ ದಶಕದಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಕೂಡ ವಸೈಗೆ ಬಂದಿದ್ದ. ಬಾಂದ್ರಾದ ಸೇಂಟ್ ಆಂಡ್ರ್ಯೂ ಇಗರ್ಜಿ 1575ರದು. ದೀಕ್ಷೆ ಇಲ್ಲದವನಿಗೆ ರಕ್ಷಣೆ ಇಲ್ಲ ಎಂಬ ನಂಬಿಕೆಯೇ ಈ ಕೆಲಸದ ತುರ್ತು. 1442ರ ಫ್ಲಾರೆನ್ಸ್ ಮಹಾಸಭೆ ಧರ್ಮಸಭೆಯ ಹೊರಗೆ ಉಳಿದವರಿಗೆ ನಿತ್ಯಜೀವವಿಲ್ಲವೆಂದು ಸಾರಿತ್ತು. 1547ರಲ್ಲಿ ಟ್ರೆಂಟ್ ಮಹಾಸಭೆ, ದೀಕ್ಷಾಸ್ನಾನ ರಕ್ಷಣೆಗೆ ಅಗತ್ಯವಲ್ಲ ಎನ್ನುವವರನ್ನು ಬಹಿಷ್ಕರಿಸಿತು. ಅದೇ ಟ್ರೆಂಟ್ ಸಭೆ ದೀಕ್ಷೆ ಅಥವಾ ಅದರ ಬಯಕೆ ಎಂದು ಸೇರಿಸಿದ್ದೂ ಉಂಟು, ಆದರೆ ಮಿಷನರಿಯ ದಿನನಿತ್ಯದ ಕೆಲಸದಲ್ಲಿ ಈ ಎರಡನೆಯ ಮಾತು ಹಿಂದೆ ಸರಿಯಿತು.

ಜಪಾನಿನಲ್ಲಿ ದೀಕ್ಷೆ ಪಡೆದವರು ತಮ್ಮ ಸತ್ತ ತಂದೆತಾಯಿಗಳ ಗತಿಯೇನೆಂದು ಕೇಳಿದಾಗ, ಅವರಿಗೆ ಬಿಡುಗಡೆಯಿಲ್ಲ ಎಂದು ಹೇಳಬೇಕಾಯಿತು, ಜನ ಅತ್ತರು ಎಂದು ಕ್ಸೇವಿಯರ್ ಬರೆದಿದ್ದಾನೆ. ಪಿತೃಗಳನ್ನು ಪೂಜಿಸುವ ಯಾವ ಸಮಾಜದಲ್ಲೂ ಈ ಪ್ರಶ್ನೆ ತಪ್ಪದು. ಶ್ರಾದ್ಧ ಮಾಡುತ್ತಿದ್ದ ಮನೆಯವರಿಗೆ ದೀಕ್ಷೆ ಎಂದರೆ ಹೊಸ ದೇವರನ್ನು ಒಪ್ಪುವುದಷ್ಟೇ ಆಗಿರಲಿಲ್ಲ, ಹಿರಿಯರನ್ನು ಹೊರಗೆ ಬಿಟ್ಟು ತಾವು ಒಳಗೆ ಹೋಗುವುದೂ ಆಗಿತ್ತು. ಅನಾಥ ಹಿಂದೂ ಮಕ್ಕಳನ್ನು ಕ್ರೈಸ್ತ ಸಂಸ್ಥೆಗಳಿಗೆ ಒಪ್ಪಿಸಿ ದೀಕ್ಷೆ ಕೊಡಿಸಬೇಕೆಂಬ 1559ರ ಪೋರ್ಚುಗೀಸ್ ಆಜ್ಞೆ ಈ ನಂಬಿಕೆಗೆ ರಾಜ್ಯದ ಬಲವನ್ನು ಕೂಡಿಸಿತು. ದೊಡ್ಡವರ ದೀಕ್ಷೆಗೆ ಸ್ವಂತ ಒಪ್ಪಿಗೆ ಬೇಕೆಂಬುದು ಧರ್ಮಸಭೆಯದೇ ಹಳೆಯ ನಿಯಮ. ಆಮಿಷ ಮತ್ತು ಅಧಿಕಾರ ಸೇರಿದ ಕಡೆ ಆ ಒಪ್ಪಿಗೆ ಎಷ್ಟು ಸ್ವಂತದ್ದು ಎಂದು ಕೇಳುವುದು ನ್ಯಾಯವೇ. ಅದೇ ಹೊತ್ತಿಗೆ, ಆ ದೀಕ್ಷೆಗಳಿಂದ ಹುಟ್ಟಿದ ಸಮುದಾಯ 1739ರಲ್ಲಿ ಮರಾಠರು ವಸೈ ಗೆದ್ದು ಪೋರ್ಚುಗೀಸ್ ಆಳ್ವಿಕೆ ಮುಗಿದ ಮೇಲೂ ತನ್ನ ನಂಬಿಕೆ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. 1887ರಲ್ಲಿ ಈಸ್ಟ್ ಇಂಡಿಯನ್ ಎಂಬ ಹೆಸರು ತಳೆದವರು ಇವರೇ. ಮೊದಲ ತಲೆಮಾರಿನ ದೀಕ್ಷೆ ಹೇಗೇ ನಡೆದಿರಲಿ, ಮುಂದಿನವರಿಗೆ ಅದು ತಮ್ಮದೇ ಆಯಿತು.

1839: ನ್ಯಾಯಾಲಯಕ್ಕೆ ಬಂದ ನೀರು

ಪ್ರೊಟೆಸ್ಟೆಂಟ್ ಸುಧಾರಣೆ ಈ ವಿಷಯದಲ್ಲಿ ಒಂದೇ ದಾರಿ ಹಿಡಿಯಲಿಲ್ಲ. 1530ರ ಲೂಥರನ್ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣ ದೀಕ್ಷಾಸ್ನಾನ ರಕ್ಷಣೆಗೆ ಅಗತ್ಯ ಎಂದೇ ಹೇಳುತ್ತದೆ. ಜ್ಯೂರಿಕ್ಕಿನ ಜ್ವಿಂಗ್ಲಿಗೆ ಅದು ಒಡಂಬಡಿಕೆಯ ಗುರುತು. ಅದೇ ಊರಿನಲ್ಲಿ 1525ರಲ್ಲಿ ಅನಾಬ್ಯಾಪ್ಟಿಸ್ಟರು ನಂಬಿಕೆ ಮೊದಲು, ನೀರು ಆಮೇಲೆ ಎಂದು ಶಿಶುದೀಕ್ಷೆಯನ್ನೇ ತಳ್ಳಿಹಾಕಿದರು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನರು ಅಂಗೀಕರಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಇವುಗಳ ನಡುವೆ ನಿಲ್ಲುತ್ತದೆ. ಅದರ ಪ್ರಕಾರ ದೀಕ್ಷಾಸ್ನಾನವನ್ನು ಕಡೆಗಣಿಸುವುದು ದೊಡ್ಡ ಪಾಪ. ಆದರೆ ಅದಿಲ್ಲದೆ ಯಾರೂ ರಕ್ಷಣೆ ಪಡೆಯಲಾರರು ಎನ್ನುವಂತಿಲ್ಲ, ಅದನ್ನು ಪಡೆದವರೆಲ್ಲ ರಕ್ಷಣೆ ಪಡೆದರು ಎನ್ನುವಂತೆಯೂ ಇಲ್ಲ.

1829ರಲ್ಲಿ ಮುಂಬಯಿಗೆ ಬಂದ ಜಾನ್ ವಿಲ್ಸನ್ ಈ ಪರಂಪರೆಯವರು. ವಿಲ್ಸನ್ ಕಾಲೇಜು ಅವರ ಹೆಸರಿನದೇ. 1839ರ ಮೇ ಮೊದಲ ವಾರದಲ್ಲಿ ಅವರು ತಮ್ಮ ಶಾಲೆಯ ಇಬ್ಬರು ಪಾರ್ಸಿ ಹುಡುಗರಾದ ಧನಜೀಭಾಯಿ ನವರೋಜಿ ಮತ್ತು ಹೋರ್ಮಸ್‌ಜಿ ಪೆಸ್ತನ್‌ಜಿ ಅವರಿಗೆ ದೀಕ್ಷೆ ಕೊಟ್ಟರು. ಪಾರ್ಸಿ ಸಮಾಜ ಸಿಡಿದೆದ್ದಿತು. ಧನಜೀಭಾಯಿಯನ್ನು ಒಪ್ಪಿಸಬೇಕೆಂದು ಬಂಧುಗಳು ಮುಂಬಯಿಯ ಅಂದಿನ ಸುಪ್ರೀಂ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹುಡುಗ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಬಲ್ಲ ಎಂದು ನ್ಯಾಯಾಲಯ ಬಿಟ್ಟಿತು. ಶಾಲೆಯಿಂದ ಪಾರ್ಸಿ ಮಕ್ಕಳು ಒಮ್ಮೆಗೇ ಖಾಲಿಯಾದರು. ಧನಜೀಭಾಯಿ ಮುಂದೆ ಪಾದ್ರಿಯಾಗಿ 1908ರವರೆಗೆ ಬದುಕಿದರು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ನೀರಿಲ್ಲದೆಯೂ ರಕ್ಷಣೆ ಸಾಧ್ಯ ಎಂದು ಒಪ್ಪುವ ಸಭೆ, ಹದಿಹರೆಯದ ಹುಡುಗರನ್ನು ಇಷ್ಟು ಬೆಲೆ ತೆತ್ತು ನೀರಿಗೆ ಏಕೆ ಕರೆದೊಯ್ಯಬೇಕಿತ್ತು? ಮಿಷನರಿಗಳ ಉತ್ತರ ಸ್ಪಷ್ಟವಾಗಿತ್ತು: ಗುಟ್ಟಾಗಿ ನಂಬುವುದು ಕ್ರಿಸ್ತನನ್ನು ಜನರೆದುರು ಒಪ್ಪಿಕೊಳ್ಳಲು ಹೆದರಿದಂತೆ, ದೀಕ್ಷೆ ಆ ಬಹಿರಂಗ ಒಪ್ಪಿಗೆ. ಮನೆಯವರ ಲೆಕ್ಕವೂ ವಿಚಿತ್ರವೆಂದರೆ ಅದೇ. ಹುಡುಗ ಬೈಬಲ್ ಓದಿದರೆ, ಪ್ರಾರ್ಥನೆಗೆ ಕೂತರೆ ತಡೆದುಕೊಳ್ಳಬಹುದಿತ್ತು. ನೀರು ಬಿದ್ದ ದಿನ ಅವನು ಸತ್ತವನಿಗೆ ಸಮ. ನಂಬಿಕೆಯೊಂದೇ ಸಾಕು ಎನ್ನುವ ದೇವಶಾಸ್ತ್ರವಿದ್ದ ಕಡೆಯಲ್ಲಿಯೇ ನೀರು ಇಷ್ಟು ನಿರ್ಣಾಯಕವಾದದ್ದು ಹೀಗೆ. ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯರಿಗೆ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ದೀಕ್ಷೆ ಕೊಟ್ಟಾಗಲೂ ಊರು ಹೀಗೆಯೇ ಕದಡಿತ್ತು.

1843ರ ಶೇಷಾದ್ರಿ ಸೋದರರ ಪ್ರಕರಣ ಇನ್ನೂ ತೀಕ್ಷ್ಣ. ಅಣ್ಣ ನಾರಾಯಣ ಶೇಷಾದ್ರಿ ದೀಕ್ಷೆ ಪಡೆದರು. ಸುಮಾರು ಹನ್ನೆರಡು ವರ್ಷದ ತಮ್ಮ ಶ್ರೀಪತಿ ಮಿಷನರಿಗಳ ಮನೆಯಲ್ಲಿದ್ದು ಅವರೊಂದಿಗೆ ಉಂಡಿದ್ದ, ದೀಕ್ಷೆ ಮಾತ್ರ ಆಗಿರಲಿಲ್ಲ. ನ್ಯಾಯಾಲಯ ಅವನನ್ನು ತಂದೆಗೆ ಒಪ್ಪಿಸಿತು. ಅವನನ್ನು ಪ್ರಾಯಶ್ಚಿತ್ತ ಮಾಡಿಸಿ ಬ್ರಾಹ್ಮಣ ಜಾತಿಗೆ ಮರಳಿ ತೆಗೆದುಕೊಳ್ಳಬೇಕೆಂದು ಮರಾಠಿ ಪತ್ರಿಕೋದ್ಯಮದ ಆದ್ಯರಾದ ಬಾಳಶಾಸ್ತ್ರಿ ಜಾಂಭೇಕರ್ ಹೋರಾಡಿದರು. ಸನಾತನಿಗಳು ವಿರೋಧಿಸಿದರು. ಸಭೆ ಗಡಿಯನ್ನು ನೀರಿನಲ್ಲಿ ಎಳೆದಿತ್ತು, ಜಾತಿ ಅದನ್ನು ಊಟದ ಪಂಕ್ತಿಯಲ್ಲಿ ಎಳೆದಿತ್ತು. ಆ ಎರಡು ಗೆರೆಗಳ ನಡುವೆ ಒಬ್ಬ ಹುಡುಗ ಸಿಕ್ಕಿಬಿದ್ದ. ಅವನ ಆತ್ಮದ ಗತಿಯ ಬಗ್ಗೆ ದೊಡ್ಡವರು ನಡೆಸಿದ ವಾದಗಳಲ್ಲಿ ಅವನ ದನಿ ಬಹಳ ಕಡಿಮೆ ಕೇಳಿಸುತ್ತದೆ.

ಮತಾಂತರ ಹೊಂದಿದವರ ಆಸ್ತಿಯ ಹಕ್ಕನ್ನು ಕಾಯುವ ಕಾನೂನು ಬಂದದ್ದು 1850ರಲ್ಲಿ. ಅಲ್ಲಿಯವರೆಗೆ ದೀಕ್ಷೆ ಪಡೆದವನು ಪಿತ್ರಾರ್ಜಿತವನ್ನೂ ಬಿಟ್ಟೇ ಹೋಗಬೇಕಾಗಿತ್ತು. ಬೆಳಗಾವಿಯಲ್ಲಿ ಹುಟ್ಟಿ ಮುಂಬಯಿಯ ಮಿಷನ್ ಶಾಲೆಯಲ್ಲಿ ಓದಿದ ಮರಾಠಿ ಲೇಖಕ ಬಾಬಾ ಪದಮನ್‌ಜಿ ಜಾತಿಭೇದ ಒಪ್ಪದ ಪರಮಹಂಸ ಮಂಡಳಿಯ ಸಂಗದಲ್ಲಿದ್ದು, ಬಹುಕಾಲದ ಹೊಯ್ದಾಟದ ನಂತರ 1854ರಲ್ಲಿ ಬೆಳಗಾವಿಯಲ್ಲಿ ದೀಕ್ಷೆ ಪಡೆದರು. ಅವರ ಆತ್ಮಕಥೆ ಅರುಣೋದಯ ಈ ಹೊಯ್ದಾಟದ ದಾಖಲೆ.

ರಮಾಬಾಯಿ, ಟಿಳಕ್, ಪಾರೇಖ್

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಮಗಳು ಮನೋರಮೆಯೊಂದಿಗೆ ಆಂಗ್ಲಿಕನ್ ಸಭೆಯಲ್ಲಿ ದೀಕ್ಷೆ ಪಡೆದರು. 1889ರಲ್ಲಿ ಮುಂಬಯಿಯ ಚೌಪಾಟಿ ಬಳಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಈ ಲೇಖನದ ವಿಷಯಕ್ಕೆ ಅವರ 1907ರ ಆತ್ಮಸಾಕ್ಷ್ಯ ಬಹಳ ಮುಖ್ಯ. ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ, 1891ರ ಸುಮಾರಿಗೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಸಿಕ್ಕಿಲ್ಲ ಎಂಬುದು ಅವರಿಗೆ ಹೊಳೆಯಿತು. ಪಾದ್ರಿಯಾದ ಮೇಲೆ ಪರಿವರ್ತನೆ ಹೊಂದಿದ ವಿಲಿಯಂ ಹಾಸ್ಲಾಮ್ ಎಂಬ ಆಂಗ್ಲ ಪಾದ್ರಿಯ ಪುಸ್ತಕ ಓದಿದ್ದು ಅದಕ್ಕೆ ಒಂದು ಕಾರಣ. ದೀಕ್ಷೆಯಲ್ಲಿಯೇ ಹೊಸ ಜನ್ಮ ಆಗುತ್ತದೆ ಎನ್ನುವ ವಾಂಟೇಜಿನ ಆಂಗ್ಲಿಕನ್ ಸನ್ಯಾಸಿನಿಯರ ಬೋಧನೆಗೆ ಇದು ನೇರ ವಿರುದ್ಧ. ಆಂಗ್ಲಿಕನ್ ಸಭೆಯೊಳಗೇ ಈ ಜಗಳ ಹಳೆಯದು. ದೀಕ್ಷೆಯಿಂದಲೇ ಹೊಸ ಜನ್ಮವಾಗುತ್ತದೆಂಬ ಬೋಧನೆಯನ್ನು ಒಪ್ಪದ ಗೋರಮ್ ಎಂಬ ಪಾದ್ರಿಯ ಪರವಾಗಿ ಬ್ರಿಟನ್ನಿನ ಪ್ರಿವಿ ಕೌನ್ಸಿಲ್ 1850ರಲ್ಲಿ ತೀರ್ಪು ಕೊಟ್ಟಿತ್ತು. ಆದರೆ ರಮಾಬಾಯಿ ಮಾತಾಡಿದ್ದು ಪಕ್ಷ ಹಿಡಿಯಲು ಅಲ್ಲ. ಸಂಸ್ಕಾರ, ಅದರ ಹಿಂದಿನ ಅಧ್ಯಯನ, ಅದಕ್ಕಾಗಿ ಸಹಿಸಿದ ನಿಂದೆ ಎಲ್ಲ ಇದ್ದೂ ಒಳಗಿನ ಶಾಂತಿ ಇರಲಿಲ್ಲ ಎಂದು ಒಬ್ಬ ಮಹಾಪಂಡಿತೆ ತಾನೇ ಹೇಳಿಕೊಂಡದ್ದಕ್ಕೆ ದೇವಶಾಸ್ತ್ರದ ಎಷ್ಟೋ ಗ್ರಂಥಗಳಿಗಿಂತ ಹೆಚ್ಚು ತೂಕವಿದೆ.

ಮರಾಠಿ ಕವಿ ನಾರಾಯಣ ವಾಮನ ಟಿಳಕ್ ದೀಕ್ಷೆ ಪಡೆದದ್ದು ಮುಂಬಯಿಯಲ್ಲಿ, 1895ರ ಫೆಬ್ರವರಿ 10ರಂದು, ಅಮೆರಿಕನ್ ಮರಾಠಿ ಮಿಷನ್ನಿನ ಸಭೆಯಲ್ಲಿ. ಪತ್ನಿ ಲಕ್ಷ್ಮೀಬಾಯಿ ಐದು ವರ್ಷ ಒಪ್ಪಲಿಲ್ಲ. ಜಾತಿಯ ಮಡಿ ಮನಸ್ಸಿನಿಂದ ಕಳಚಿಕೊಂಡ ಮೇಲೆ, 1900ರಲ್ಲಿ ಅವರೂ ದೀಕ್ಷೆ ಪಡೆದರು. ಆ ಕತೆ ಅವರ ಸ್ಮೃತಿಚಿತ್ರೆಯಲ್ಲಿದೆ. ಟಿಳಕರ ವಿಚಾರ ಮಾತ್ರ ದೀಕ್ಷೆಯಲ್ಲಿ ನಿಲ್ಲಲಿಲ್ಲ. 1917ರಲ್ಲಿ ಅವರು ಮಿಷನ್ನಿನ ಸಂಬಳ ಬಿಟ್ಟು ಸನ್ಯಾಸಿಯಾದರು. ದೀಕ್ಷೆ ಪಡೆದವರೂ ಪಡೆಯದವರೂ ಕ್ರಿಸ್ತನ ಶಿಷ್ಯರಾಗಿ ಒಟ್ಟಿಗೆ ಇರಬಹುದಾದ ದೇವಾಚಾ ದರ್ಬಾರ್ ಎಂಬ ಬಳಗ ಕಟ್ಟಿದರು. 1919ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ತೀರಿಕೊಂಡದ್ದರಿಂದ ಆ ಪ್ರಯೋಗ ಬೆಳೆಯಲಿಲ್ಲ. ದೀಕ್ಷೆ ವಿದೇಶಿ ಸಂಸ್ಥೆಯೊಂದರ ಸದಸ್ಯತ್ವದ ಚೀಟಿಯಂತೆ ಆಗಿಬಿಟ್ಟಿದೆ ಎಂಬುದು ಅವರ ಸಂಕಟ. ರಾಜಕೋಟೆಯ ಜೈನ ಕುಟುಂಬದ ಮಣಿಲಾಲ್ ಪಾರೇಖ್ 1918ರಲ್ಲಿ ಮುಂಬಯಿಯ ಆಂಗ್ಲಿಕನ್ ಸಭೆಯಲ್ಲಿ ದೀಕ್ಷೆ ಪಡೆದು ಅದೇ ಸಂಕಟವನ್ನು ಇನ್ನೂ ಮುಂದಕ್ಕೆ ಒಯ್ದರು. ದೀಕ್ಷೆ ಬೇಕು, ಆದರೆ ಅದು ಆತ್ಮಿಕ ಸಂಸ್ಕಾರ ಮಾತ್ರ, ತನ್ನ ಸಮಾಜದಿಂದ ಬೇರ್ಪಡಿಸುವ ಕತ್ತರಿಯಲ್ಲ ಎಂದರು. ತಮ್ಮನ್ನು ಕ್ರಿಸ್ತನ ಹಿಂದೂ ಶಿಷ್ಯ ಎಂದು ಕರೆದುಕೊಂಡರು. 1970ರ ದಶಕದ ಮೊದಲಲ್ಲಿ ದೇವಶಾಸ್ತ್ರಜ್ಞರಾದ ಎಂ. ಎಂ. ಥಾಮಸ್ ಮತ್ತು ಲೆಸ್ಲಿ ನ್ಯೂಬಿಗಿನ್ ನಡುವೆ ನಡೆದ ಪ್ರಸಿದ್ಧ ವಾದ ಇದೇ ನೆಲದ್ದು. ದೀಕ್ಷೆ ಇಲ್ಲದ ಕ್ರಿಸ್ತಕೇಂದ್ರಿತ ಬಳಗ ಸಾಧ್ಯ ಎಂದರು ಥಾಮಸ್. ಕಣ್ಣಿಗೆ ಕಾಣುವ ಸಭೆ ಇಲ್ಲದೆ ನಂಬಿಕೆ ನಿಲ್ಲದು ಎಂದರು ನ್ಯೂಬಿಗಿನ್. ಇಬ್ಬರಲ್ಲಿ ಸರಿ ಯಾರೆಂದು ಹೇಳುವುದು ಕಷ್ಟ. ಟಿಳಕರ ದರ್ಬಾರು ಅವರೊಂದಿಗೇ ಮುಗಿದದ್ದು ನ್ಯೂಬಿಗಿನ್ನರ ಪರವಾಗಿ ಸಾಕ್ಷಿ ಹೇಳುತ್ತದೆ. ಶ್ರೀಪತಿಯ ಕತೆ ಥಾಮಸರ ಪರ.

ನೀರಿಲ್ಲದ ಸೇನೆ

1882ರ ಸೆಪ್ಟೆಂಬರ್ 19ರಂದು ಫ್ರೆಡರಿಕ್ ಟಕರ್ ನಾಯಕತ್ವದ ನಾಲ್ವರ ತಂಡ ಮುಂಬಯಿ ಬಂದರಿಗೆ ಇಳಿಯಿತು. ಭಾರತದಲ್ಲಿ ಸಾಲ್ವೇಶನ್ ಆರ್ಮಿಯ ಆರಂಭ ಅದೇ. ಬೀದಿ ಮೆರವಣಿಗೆಗಾಗಿ ಟಕರ್ ಇಲ್ಲಿ ಸೆರೆವಾಸವನ್ನೂ ಕಂಡರು, ಫಕೀರ್ ಸಿಂಗ್ ಎಂಬ ಹೆಸರಿಟ್ಟುಕೊಂಡು ಕಾವಿ ಉಟ್ಟರು. ಕೆಲವೇ ತಿಂಗಳಲ್ಲಿ, 1883ರ ಜನವರಿಯಲ್ಲಿ, ಲಂಡನ್ನಿನಲ್ಲಿ ಸೇನೆಯ ಸ್ಥಾಪಕ ವಿಲಿಯಂ ಬೂತ್ ದೀಕ್ಷಾಸ್ನಾನ ಮತ್ತು ಪ್ರಭುಭೋಜನ ಎರಡನ್ನೂ ಸೇನೆಯಲ್ಲಿ ನಡೆಸದಿರಲು ತೀರ್ಮಾನಿಸಿದರು. ಅವು ತಪ್ಪೆಂದು ಹೇಳಲಿಲ್ಲ, ರಕ್ಷಣೆಗೆ ಅಗತ್ಯವಲ್ಲ ಎಂದರು. ಇಂದಿಗೂ ಸೇನೆಯ ಸದಸ್ಯರು ಧ್ವಜದಡಿ ಪ್ರತಿಜ್ಞೆ ಸ್ವೀಕರಿಸುತ್ತಾರೆ, ಮಕ್ಕಳನ್ನು ದೇವರಿಗೆ ಅರ್ಪಿಸುತ್ತಾರೆ. ನೀರು ಇಲ್ಲ. ಇನ್ನೊಂದು ತುದಿಯಲ್ಲಿ, ಯೇಸುವಿನ ಹೆಸರಿನಲ್ಲಿ ಮುಳುಗಿಸಿ ಕೊಟ್ಟ ದೀಕ್ಷೆಯಿಲ್ಲದೆ ರಕ್ಷಣೆ ಪೂರ್ಣವಾಗದು ಎನ್ನುವ ಏಕತ್ವವಾದಿ ಪೆಂಟೆಕೋಸ್ಟರಿದ್ದಾರೆ. ಹೆಚ್ಚಿನ ಪೆಂಟೆಕೋಸ್ಟ್ ಮತ್ತು ಬ್ರೆದರನ್ ಸಭೆಗಳು ದೀಕ್ಷೆಯನ್ನು ರಕ್ಷಣೆ ಪಡೆದವನ ವಿಧೇಯತೆ ಎಂದು ಎಣಿಸುತ್ತವೆ. ಶೈಶವದಲ್ಲಿ ಆದದ್ದನ್ನು ದೀಕ್ಷೆ ಎಂದೇ ಒಪ್ಪದೆ ಮತ್ತೆ ಮುಳುಗಿಸುತ್ತವೆ. ಕೆಥೋಲಿಕ್ ಅಥವಾ ಸಿರಿಯನ್ ಮನೆಯ ಮಗ ಇಂಥ ಸಭೆ ಸೇರಿದಾಗ ತಾಯಿತಂದೆಯರಿಗೆ ಆಗುವ ನೋವು ಇದರಿಂದಲೇ. ದೀಕ್ಷೆ ಒಮ್ಮೆ ಮಾತ್ರ ಎಂಬುದು ಅವರ ನಂಬಿಕೆ. ಸಿರಿಯನ್ ಆರ್ಥೊಡಾಕ್ಸರಂತೂ ದೀಕ್ಷೆ, ತೈಲಾಭಿಷೇಕ, ಪ್ರಭುಭೋಜನ ಮೂರನ್ನೂ ಕೈಗೂಸಿಗೇ ಒಟ್ಟಿಗೆ ಕೊಡುತ್ತಾರೆ.

1964 ಮತ್ತು ಆಮೇಲೆ

1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಲೂಮೆನ್ ಜೆನ್ಸಿಯಮ್ ಎಂಬ ದಾಖಲೆ ಹೊರಡಿಸಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನ ಸುವಾರ್ತೆಯನ್ನು ಅರಿಯದವರು, ಪ್ರಾಮಾಣಿಕವಾಗಿ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆದರೆ ರಕ್ಷಣೆ ಪಡೆಯಬಹುದು ಎಂದು ಅದರ ಹದಿನಾರನೆಯ ಪರಿಚ್ಛೇದ ಹೇಳುತ್ತದೆ. ಅದರ ಬೆನ್ನಿಗೇ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆಯಿತು. ಕಾರ್ಡಿನಲ್ ವಲೇರಿಯನ್ ಗ್ರೇಸಿಯಸ್ ಆಗ ಇಲ್ಲಿನ ಮಹಾಧರ್ಮಾಧ್ಯಕ್ಷರು. ಡಿಸೆಂಬರ್ 2ರಂದು ಬಂದಿಳಿದ ಆರನೆಯ ಪೌಲ್ ಪೋಪ್ ಇತರ ಧರ್ಮಗಳ ಪ್ರತಿನಿಧಿಗಳೆದುರು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು ಉದ್ಧರಿಸಿದರು. ಸಮ್ಮೇಳನಕ್ಕೆ ಸ್ವಲ್ಪ ಮೊದಲು ನವೆಂಬರ್ ಕೊನೆಯ ವಾರದಲ್ಲಿ ಇದೇ ನಗರದಲ್ಲಿ ನಡೆದ ದೇವಶಾಸ್ತ್ರಜ್ಞರ ಗೋಷ್ಠಿಯಲ್ಲಿ ಹಾನ್ಸ್ ಕ್ಯೂಂಗ್, ಜಗತ್ತಿನ ಧರ್ಮಗಳೇ ಬಹುಪಾಲು ಮನುಷ್ಯರಿಗೆ ರಕ್ಷಣೆಯ ಸಾಮಾನ್ಯ ದಾರಿ ಎಂದು ವಾದಿಸಿದರು. ನಾಲ್ಕು ನೂರು ವರ್ಷಗಳ ಹಿಂದೆ ಊರೂರುಗಳಿಗೇ ತುರ್ತಿನಿಂದ ದೀಕ್ಷೆ ಕೊಟ್ಟ ಸಾಷ್ಟಿಯ ಪಕ್ಕದಲ್ಲೇ ಈ ಮಾತು ಆಡಲಾಯಿತು ಎಂಬುದು ನೆನಪಿಡಬೇಕಾದ ಸಂಗತಿ. ಕ್ಯೂಂಗ್ ಹೇಳಿದ್ದನ್ನು ರೋಮ್ ಪೂರ್ತಿ ಒಪ್ಪಲಿಲ್ಲ. 1992ರ ಕೆಥೋಲಿಕ್ ಧರ್ಮಬೋಧೆ, ಸುವಾರ್ತೆ ಕೇಳಿ ದೀಕ್ಷೆ ಬೇಡುವ ಅವಕಾಶ ಇದ್ದವರಿಗೆ ದೀಕ್ಷೆ ಅಗತ್ಯ ಎನ್ನುತ್ತದೆ. ದೇವರು ರಕ್ಷಣೆಯನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎಂದು ಅದೇ ಪರಿಚ್ಛೇದ ಸೇರಿಸುತ್ತದೆ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುವುದೇ ಈ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕ ನಿಲುವು ಎಂಬುದು ಈ ಲೇಖಕನ ಅಭಿಪ್ರಾಯ. ಅಗತ್ಯ ಮನುಷ್ಯನ ಕಡೆಯದು, ಸ್ವಾತಂತ್ರ್ಯ ದೇವರ ಕಡೆಯದು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ, ದೀಕ್ಷೆ ಇಲ್ಲದೆ ಸತ್ತ ಶಿಶುಗಳಿಗೂ ರಕ್ಷಣೆಯ ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದು ಪ್ರಕಟಿಸಿತು.

ಪ್ರೊಟೆಸ್ಟೆಂಟರಲ್ಲಿ 1970ರ ನವೆಂಬರ್ 29ರಂದು ನಾಗಪುರದಲ್ಲಿ ಹುಟ್ಟಿದ ಉತ್ತರ ಭಾರತ ಸಭೆ ಬೇರೊಂದು ಬಗೆಯ ಒಪ್ಪಂದ. ಶಿಶುದೀಕ್ಷೆ ಕೊಡುವ ಆಂಗ್ಲಿಕನರು, ಪ್ರೆಸ್ಬಿಟೇರಿಯನರು ಮತ್ತು ನಂಬಿದವರಿಗೆ ಮಾತ್ರ ಕೊಡುವ ಬ್ಯಾಪ್ಟಿಸ್ಟರು ಅದರಲ್ಲಿ ಒಂದಾದರು, ಎರಡೂ ಪದ್ಧತಿಗಳನ್ನು ಉಳಿಸಿಕೊಂಡರು. ಮುಂಬಯಿಯ ಕೋಟೆ ಪ್ರದೇಶದ ಸೇಂಟ್ ಥಾಮಸ್ ಕೆಥೀಡ್ರಲ್ ಇಂದು ಈ ಸಭೆಯದೇ.

ದೀಕ್ಷೆಯ ಸಾಮಾಜಿಕ ಬೆಲೆ ಈಗಲೂ ಇಳಿದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆಜ್ಞೆ ಮೊದಲು ಹಿಂದೂಗಳಿಗೆ, ಮುಂದೆ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅನ್ವಯವಾಯಿತು. ಕ್ರೈಸ್ತರು ಹೊರಗುಳಿದರು. ಹೀಗಾಗಿ ಕ್ರಿಸ್ತನನ್ನು ನಂಬಿದ ದಲಿತನಿಗೆ ದೀಕ್ಷೆಯ ದಾಖಲೆ ಎಂದರೆ ಮೀಸಲಾತಿಯನ್ನು ಕಳೆದುಕೊಳ್ಳುವ ದಾಖಲೆಯೂ ಹೌದು. ಅಂಥವನು ನೀರನ್ನು ಮುಂದೂಡಿದರೆ ಅವನ ನಂಬಿಕೆ ಹುಸಿ ಎಂದು ಹೇಳುವ ಅಧಿಕಾರ, ಆ ಬೆಲೆ ತೆರಬೇಕಿಲ್ಲದವರಿಗೆ ಇಲ್ಲ.

ಸಿದ್ಧಾಂತದ ಬದಲಾವಣೆ ಆಚರಣೆಗೆ ಇಳಿದದ್ದು ಸ್ಮಶಾನದ ನಿಯಮಗಳಲ್ಲಿ ಕಾಣುತ್ತದೆ. ಆಂಗ್ಲಿಕನರ 1662ರ ಪ್ರಾರ್ಥನಾ ಪುಸ್ತಕ ದೀಕ್ಷೆ ಇಲ್ಲದೆ ಸತ್ತವರಿಗೆ ಶವಸಂಸ್ಕಾರದ ವಿಧಿ ಓದಕೂಡದು ಎಂದಿತ್ತು. 1917ರ ಕೆಥೋಲಿಕ್ ಧರ್ಮಸಂಹಿತೆ ಅವರಿಗೆ ಧಾರ್ಮಿಕ ಸಮಾಧಿಯನ್ನು ನಿರಾಕರಿಸಿತು, ತಮ್ಮ ತಪ್ಪಿಲ್ಲದೆ ದೀಕ್ಷೆಗೆ ಮುನ್ನ ಸತ್ತ ದೀಕ್ಷಾರ್ಥಿಗಳನ್ನು ಮಾತ್ರ ದೀಕ್ಷಿತರೆಂದೇ ಎಣಿಸಿತು. 1983ರ ಸಂಹಿತೆಯ 1183ನೆಯ ವಿಧಿ, ದೀಕ್ಷೆ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದ ಮಗು ಅದಕ್ಕೂ ಮೊದಲೇ ಸತ್ತರೆ ಸ್ಥಳೀಯ ಧರ್ಮಾಧ್ಯಕ್ಷರ ಅನುಮತಿಯಿಂದ ಪೂರ್ಣ ಶವಸಂಸ್ಕಾರ ನಡೆಸಬಹುದು ಎನ್ನುತ್ತದೆ. ಈಸ್ಟರ್ ಜಾಗರಣೆಯ ರಾತ್ರಿ ದೀಕ್ಷೆ ಪಡೆಯಲು ತಿಂಗಳುಗಟ್ಟಲೆ ಸಿದ್ಧತೆ ನಡೆಸುವ ವಯಸ್ಕರಿಗೂ, ಅದಕ್ಕೆ ಮುನ್ನ ಸಾವು ಬಂದರೆ, ಇದೇ ವಿಧಿಯ ಪ್ರಕಾರ ದೀಕ್ಷಿತರಿಗೆ ಸಲ್ಲುವ ಸಂಸ್ಕಾರವೇ ಸಲ್ಲುತ್ತದೆ.